ಸುರೇಶಣ್ಣನ ಎಫ್-150ಗೆ ಎಥನಾಲ್ ಇಲ್ಲದ ಗ್ಯಾಸ್ ಬೇಕಾ?

ಸುರೇಶಣ್ಣ, ಇದನ್ನ ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಅದಕ್ಕೆ ಮಾತಲ್ಲೇ ಹೇಳ್ಬಿಡ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಗ್ರೂಪಿನ ಬೇರೆಯವರು ಬೇಸರ ಮಾಡ್ಕೋಬೇಡಿ. ನೀವು ಕೇಳಿದ್ದು ಇಷ್ಟು: 3.5 ಇಕೋಬೂಸ್ಟ್ ಇಂಜಿನ್‌ನ ಫೋರ್ಡ್ ಎಫ್-150 ಪಿಕಪ್ ಟ್ರಕ್ ತಗೊಂಡಿದ್ದೀರಿ, ಎಥನಾಲ್ ಅನ್ನೋ ಆಲ್ಕೋಹಾಲ್ ಬೆರೆಸದ ಗ್ಯಾಸ್, ಅಂದ್ರೆ ಪೆಟ್ರೋಲ್, ಹಾಕಿದ್ರೆ ಗ್ಯಾಲನ್‌ಗೆ ಮೂರು ಮೈಲಿ ಜಾಸ್ತಿ ಬರುತ್ತೆ ಅಂತ ಪಕ್ಕದ ಮನೆಯವರು ಅಂದ್ರು, ಇಲ್ಲಿ ಟೆಕ್ಸಸ್‌ನ ಪ್ಲೇನೋದಲ್ಲಿ ಎಲ್ಲೂ ಸಿಗ್ತಿಲ್ಲ, ಪಕ್ಕದ ರಾಜ್ಯ ಒಕ್ಲಹೋಮಾಗೆ ಹೋಗಿ ತುಂಬಿಸ್ಕೊಂಡು ಬರ್ಲಾ ಅಂತ. ಬೇಡಣ್ಣ. ಅದಕ್ಕೋಸ್ಕರವೇ ಹೋಗೋದಾದ್ರೆ ಖಂಡಿತ ಬೇಡ. ದೋಣಿಗೆ, ಜನರೇಟರ್‌ಗೆ ಬೇಕು ಅಂದ್ರೆ ಅದು ಬೇರೆ ಮಾತು, ಅಲ್ಲಿಗೂ ಬರ್ತೀನಿ.

ಮೊದಲು ಲೆಕ್ಕ ನೋಡಿ. ಎಥನಾಲ್ ಇಲ್ಲದ ಒಂದು ಗ್ಯಾಲನ್ ಗ್ಯಾಸ್‌ನಲ್ಲಿ ಸುಮಾರು 1,14,000 ಬಿಟಿಯು ಶಕ್ತಿ ಇರುತ್ತೆ, ಬಿಟಿಯು ಅಂದ್ರೆ ಶಾಖದ ಅಳತೆ. ಬರೀ ಎಥನಾಲ್ ಆದ್ರೆ ಸುಮಾರು 76,000, ಅಂದ್ರೆ ಮೂರರಲ್ಲಿ ಎರಡು ಪಾಲು. ನಾವು ದಿನಾ ಹಾಕೋ ಇ10ನಲ್ಲಿ ನೂರಕ್ಕೆ ಹತ್ತು ಭಾಗ ಎಥನಾಲ್. ಲೆಕ್ಕ ಹಾಕಿದ್ರೆ ನಷ್ಟ ಶೇಕಡಾ 3.3ರ ಆಸುಪಾಸು. 20 ಎಂಪಿಜಿ, ಅಂದ್ರೆ ಗ್ಯಾಲನ್‌ಗೆ 20 ಮೈಲಿ, ಕೊಡೋ ಟ್ರಕ್ಕು 20.6, ಬಹಳ ಅಂದ್ರೆ 20.7 ಕೊಡಬಹುದು. ಮೂರು ಮೈಲಿ ಜಾಸ್ತಿ ಅಂದ್ರೆ ಶೇಕಡಾ 15 ಆಯ್ತಲ್ಲ, ಇ10ಗೂ ಇದಕ್ಕೂ ಅಷ್ಟು ಅಂತರವೇ ಇಲ್ಲ. ಬಹುಪಾಲು ಎಥನಾಲ್ ಇರೋ ಇ85 ಹಾಕಿದ್ರೆ ಮಾತ್ರ ಮೈಲೇಜ್ ಶೇಕಡಾ 15ರಿಂದ 27ರವರೆಗೆ ಇಳಿಯುತ್ತೆ. ಅದು ಅಷ್ಟು ಎಥನಾಲ್‌ಗೆ ಅಂತಲೇ ಮಾಡಿದ ಫ್ಲೆಕ್ಸ್ ಫ್ಯುಯೆಲ್ ಟ್ರಕ್‌ಗಳಿಗೆ, ನಿಮ್ಮ ಟ್ರಕ್‌ಗೆ ಹಾಕಲೇಬೇಡಿ.

ದುಡ್ಡಿನ ಮಾತು ಇನ್ನೂ ಸುಲಭ. ಇ10 ಬೆಲೇನ 1.03ರಿಂದ ಗುಣಿಸಿ. ಎಥನಾಲ್ ಇಲ್ಲದ್ದು ಅದಕ್ಕಿಂತ ಕಮ್ಮಿಗೆ ಸಿಕ್ಕಿದ್ರೆ ಲಾಭ, ಇಲ್ಲಾಂದ್ರೆ ನಷ್ಟ. ಇ10 ಮೂರು ಡಾಲರ್ ಅಂತಿಟ್ಕೊಂಡ್ರೆ ಇದು 3.10ರ ಒಳಗೆ ಸಿಗಬೇಕು. ಅದೆಲ್ಲಿ ಸಿಗುತ್ತೆ? 3.60 ಅಂತಿಟ್ಕೊಂಡು ವರ್ಷಕ್ಕೆ 12,000 ಮೈಲಿ ಓಡಿಸಿ ನೋಡಿ. ಇ10ಗೆ 600 ಗ್ಯಾಲನ್, 1,800 ಡಾಲರ್. ಎಥನಾಲ್ ಇಲ್ಲದ್ದಕ್ಕೆ 581 ಗ್ಯಾಲನ್, ಸುಮಾರು 2,090 ಡಾಲರ್. ಮೈಲೇಜ್ ಜಾಸ್ತಿಯಾಗಿ ಜೇಬಿಗೆ 290 ಡಾಲರ್ ತೂತು!

ಪ್ಲೇನೋದಲ್ಲಿ ಸಿಗದೇ ಇರೋದಕ್ಕೂ ಕಾರಣ ಇದೆ. ಕಾಲಿನ್, ಡಾಲಸ್, ಡೆಂಟನ್, ಟಾರಂಟ್, ಪ್ಲೇನೋ ಸುತ್ತಮುತ್ತಲ ಈ ನಾಲ್ಕು ಕೌಂಟಿಯಲ್ಲಿ ಗಾಳಿ ಕೆಡಬಾರ್ದು ಅಂತ ರೀಫಾರ್ಮ್ಯುಲೇಟೆಡ್ ಗ್ಯಾಸನ್ನೇ ಮಾರಬೇಕು, ಅದು ಬರೋದು ಎಥನಾಲ್ ಸೇರಿಸ್ಕೊಂಡೇ. ನದಿ ದಾಟಿ ಒಕ್ಲಹೋಮಾಗೆ ಹೋದ್ರೆ ಎಥನಾಲ್ ಇಲ್ಲದ ಪಂಪು ಬೇಕಾದಷ್ಟಿವೆ, ನಿಜ. ಆದ್ರೆ ಒಂದು ಕಡೆಗೇ 50-60 ಮೈಲಿ, ಹೋಗಿ ಬರೋದಕ್ಕೆ ಐದು ಗ್ಯಾಲನ್ನಿಗೂ ಮೇಲೆ ಉರಿಯುತ್ತೆ. 26 ಗ್ಯಾಲನ್ ಟ್ಯಾಂಕ್ ಪೂರ್ತಿ ತುಂಬಿಸಿದ್ರೂ ಉಳಿಯೋದು ಮುಕ್ಕಾಲು ಗ್ಯಾಲನ್ ಚಿಲ್ಲರೆ.

ಹಾಗಂತ ಪಕ್ಕದ ಮನೆಯವರು ಸುಳ್ಳು ಹೇಳಿದ್ರು ಅಂತ ಅಲ್ಲ. ಅವರು ಕಂಡಿದ್ದು ನಿಜವೇ ಇರಬಹುದು, ಕಾರಣ ಮಾತ್ರ ಬೇರೆ. ಶೇಕಡಾ ಮೂರು ಅನ್ನೋದನ್ನ ಅಳೆಯೋದು ಬಹಳ ಕಷ್ಟ, ಯಾಕಂದ್ರೆ ಅಷ್ಟೇ ದೊಡ್ಡ ತಪ್ಪುಗಳು ಅಳತೆಯಲ್ಲೇ ಇರ್ತವೆ. ಟ್ಯಾಂಕ್ ತುಂಬಿತು ಅಂತ ಪಂಪಿನ ನಾಝಲ್ ಒಂದು ಸಲ ಬೇಗ ಟಕ್ ಅಂತ ನಿಲ್ಲುತ್ತೆ, ಇನ್ನೊಂದು ಸಲ ತಡವಾಗಿ. 20 ಗ್ಯಾಲನ್ ತುಂಬಿಸೋವಾಗ ಅರ್ಧ ಗ್ಯಾಲನ್ ಹೆಚ್ಚುಕಮ್ಮಿ ಆದ್ರೆ ಅಲ್ಲೇ ಶೇಕಡಾ ಎರಡೂವರೆ ಹೋಯ್ತು. ಚಳಿಗಾಲದಲ್ಲಿ, 20 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಊರೊಳಗೆ ಓಡಿಸಿದ್ರೆ 77 ಡಿಗ್ರಿ ದಿನಕ್ಕಿಂತ ಮೈಲೇಜ್ ಶೇಕಡಾ 15ರಷ್ಟು ಕಮ್ಮಿ. ಜನವರೀಲಿ ಇ10 ಹಾಕಿ, ಏಪ್ರಿಲ್‌ನಲ್ಲಿ ಎಥನಾಲ್ ಇಲ್ಲದ್ದನ್ನ ಹಾಕಿ ಹೋಲಿಸಿದ್ರೆ ಮೂರು ಮೈಲಿ ಜಾಸ್ತಿ ಬರದೇ ಇನ್ನೇನು? ಇನ್ನು ವೇಗ. 65ರಿಂದ 75ಕ್ಕೆ ಹೋದ್ರೆ ಗಾಳಿಯ ತಡೆ ಮೂರನೇ ಒಂದು ಭಾಗ ಏರುತ್ತೆ, ಪಿಕಪ್‌ನ ಎದೆ ಅಗಲ ಬೇರೆ.

ಟೈರ್ ವಿಷಯ ಯಾರೂ ಯೋಚಿಸಲ್ಲ. ನಿಮ್ಮದ್ರಲ್ಲಿ 275/65ಆರ್18 ಇದ್ದು, ಹಳೇ ಓನರ್ ಅದರ ಬದಲು 275/70ಆರ್18 ಹಾಕಿಸಿದ್ರೆ ಟೈರಿನ ಸುತ್ತಳತೆ ಶೇಕಡಾ 3.4 ಜಾಸ್ತಿ. ಕಂಪ್ಯೂಟರ್‌ಗೆ ತಿಳಿಸದೇ ಇದ್ರೆ ಓಡೋಮೀಟರ್ ಅಷ್ಟೇ ಕಮ್ಮಿ ಮೈಲಿ ತೋರಿಸುತ್ತೆ. ನೋಡಿ, ಎಥನಾಲ್‌ನ ಪೂರ್ತಿ ವ್ಯತ್ಯಾಸ ಅಲ್ಲೇ ಮಾಯ. ಸೆಕೆಂಡ್ ಹ್ಯಾಂಡ್ ಗಾಡಿ ಆದ್ದರಿಂದ ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರ್‌ನಲ್ಲಿರೋ ಸೈಜೂ ಟೈರ್ ಮೇಲಿರೋ ಸೈಜೂ ಒಂದೇನಾ ಅಂತ ಇವತ್ತೇ ನೋಡಿ. ಗಾಳಿನೂ ಅದೇ ಸ್ಟಿಕ್ಕರ್ ಪ್ರಕಾರ, ಬೆಳಿಗ್ಗೆ ಟೈರ್ ತಣ್ಣಗಿರುವಾಗ. ನಾಲ್ಕೂ ಟೈರ್‌ನಲ್ಲಿ ಒಂದೊಂದು ಪಿಎಸ್‌ಐ ಇಳಿದ್ರೆ ಮೈಲೇಜ್ ಶೇಕಡಾ 0.2 ಇಳಿಯುತ್ತೆ.

ಆಮೇಲೆ ಆಕ್ಟೇನ್, ಅಂದ್ರೆ ಗ್ಯಾಸ್ ಹೊತ್ತಿಗೆ ಮುಂಚೆ ತಾನೇ ಸಿಡಿಯದೇ ತಡ್ಕೊಳ್ಳೋ ಅಂಕ. ಜನ ಮೋಸ ಹೋಗೋದು ಇಲ್ಲೇ. ಎಥನಾಲ್ ಇಲ್ಲದ್ದು ಎಷ್ಟೋ ಕಡೆ 90 ಅಥವಾ 91 ಆಕ್ಟೇನ್‌ನಲ್ಲಿ ಬರುತ್ತೆ. 87 ಇ10 ಹಾಕ್ತಿದ್ದೋರು ಅದಕ್ಕೆ ಬದಲಾಯಿಸಿದ್ರೆ ಒಂದೇ ಸಲ ಎರಡು ಬದಲಾವಣೆ. ಇಕೋಬೂಸ್ಟ್ ಟರ್ಬೊ ಇಂಜಿನ್. ಬಿಸಿಲಲ್ಲಿ ಟ್ರೇಲರ್ ಎಳೀವಾಗ 87ರಲ್ಲಿ ನಾಕ್, ಅಂದ್ರೆ ಆ ಸಿಡಿತ, ಶುರುವಾದ್ರೆ ಕಂಪ್ಯೂಟರ್ ಕಿಡಿ ಹಾರೋ ಟೈಮಿಂಗ್ ಹಿಂದಕ್ಕೆಳೆಯುತ್ತೆ, ಶಕ್ತಿಯೂ ಹೋಗುತ್ತೆ ಮೈಲೇಜೂ ಹೋಗುತ್ತೆ. 91 ಹಾಕಿದ್ರೆ ಅದು ತಪ್ಪುತ್ತೆ. ಆ ಲಾಭ ಆಕ್ಟೇನ್‌ದು, ಎಥನಾಲ್ ಬಿಟ್ಟಿದ್ದರದ್ದಲ್ಲ. ಭಾರ ಎಳೆಯೋ ದಿನ ಮಾಮೂಲಿ 91 ಅಥವಾ 93 ಇ10 ಹಾಕಿ ಸಾಕು, ಉಳಿದ ದಿನ 87. ಇನ್ನೊಂದು, ಎಥನಾಲ್ ಆವಿಯಾಗುವಾಗ ಒಳಗೆ ಹೋಗೋ ಗಾಳೀನ ಚೆನ್ನಾಗಿ ತಂಪು ಮಾಡುತ್ತೆ, ಟರ್ಬೊಗೆ ಅದು ಒಳ್ಳೇದೇ. ಎಥನಾಲ್ ಅಂದ್ರೆ ವಿಷ ಅಂತ ಹೆದರೋದು ಬೇಡ.

ಆದ್ರೂ ಪರೀಕ್ಷೆ ಮಾಡ್ಲೇಬೇಕು ಅನ್ಸಿದ್ರೆ ಸರಿಯಾಗಿ ಮಾಡಿ. ಅದೇ ಪಂಪು, ಗಾಡಿ ನಿಲ್ಲಿಸೋದು ಅದೇ ದಿಕ್ಕಿಗೆ, ಮೊದಲ ಟಕ್‌ಗೆ ನಿಲ್ಲಿಸಿ, ಮೇಲಿಂದ ತುರುಕಬೇಡಿ. ಕಾಲು ಟ್ಯಾಂಕ್ ಇ10 ಉಳಿದಿರುವಾಗ ತುಂಬಿಸಿದ್ರೆ ಒಳಗೆ ಇನ್ನೂ ಶೇಕಡಾ 2.5 ಎಥನಾಲ್ ಇರುತ್ತೆ, ಆದ್ದರಿಂದ ಮೊದಲ ಟ್ಯಾಂಕ್ ಲೆಕ್ಕಕ್ಕೆ ಬೇಡ. ಆಮೇಲೆ ಮೂರು ಟ್ಯಾಂಕ್ ಇದು, ಮೂರು ಟ್ಯಾಂಕ್ ಅದು, ಹವೆ ಒಂದೇ ಥರ ಇರೋ ವಾರಗಳಲ್ಲಿ. ಮೂರರ ಮೈಲಿ ಕೂಡಿಸಿ, ಮೂರರ ಗ್ಯಾಲನ್ ಕೂಡಿಸಿ, ಆಮೇಲೆ ಭಾಗಿಸಿ. ಆಗ ಆ ಅರ್ಧ ಗ್ಯಾಲನ್ ತಪ್ಪು 60 ಗ್ಯಾಲನ್ ಮೇಲೆ ಹರಡಿ ಶೇಕಡಾ ಒಂದಕ್ಕಿಂತ ಕೆಳಗೆ ಬರುತ್ತೆ. ಡ್ಯಾಶ್ ಮೇಲಿನ ಎಂಪಿಜಿ ನಂಬಬೇಡಿ, ಅದು ಕಂಪ್ಯೂಟರ್‌ನ ಅಂದಾಜು.

ಇದಕ್ಕಿಂತ ಬೇಗ ಗೊತ್ತಾಗೋ ದಾರಿ ಗಾಡಿಯ ಕಂಪ್ಯೂಟರ್ ಓದೋ ಓಬಿಡಿ ಸ್ಕ್ಯಾನರ್. ಶುದ್ಧ ಗ್ಯಾಸ್ ಪೂರ್ತಿ ಉರಿಯೋಕೆ ತೂಕದಲ್ಲಿ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ಇ10ಗೆ 14.1. ಹಾಗಾಗಿ ಎಥನಾಲ್ ಹೋದ್ರೆ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್, ಅಂದ್ರೆ ಕಂಪ್ಯೂಟರ್ ಗ್ಯಾಸನ್ನ ಶೇಕಡಾ ಎಷ್ಟು ಹೆಚ್ಚುಕಮ್ಮಿ ಮಾಡ್ತಿದೆ ಅನ್ನೋದು, ಮೂರ್ನಾಲ್ಕು ಅಂಕ ಕೆಳಗಿಳಿಯಬೇಕು. ಇಳೀಲಿಲ್ಲ ಅಂದ್ರೆ ನಿಮಗೆ ಕೊಟ್ಟ ಗ್ಯಾಸ್ ಬಗ್ಗೆನೇ ಅನುಮಾನ ಪಡಿ. ಯಾವ ಗ್ಯಾಸ್ ಹಾಕಿದ್ರೂ ಟ್ರಿಮ್ 10 ದಾಟ್ತಿದೆ ಅಂದ್ರೆ ಎಲ್ಲೋ ಗಾಳಿ ಸೋರ್ತಿದೆ ಅಥವಾ ಸೆನ್ಸರ್ ಕೊಳೆಯಾಗಿದೆ, ಮೊದಲು ಅದನ್ನ ನೋಡಿಸಿ.

ಗ್ಯಾಸನ್ನೇ ಪರೀಕ್ಷೆ ಮಾಡೋಕೂ ಆಗುತ್ತೆ. ಗೆರೆ ಇರೋ 100 ಮಿಲಿ ಗಾಜಿನ ಕೊಳವೆಗೆ 10 ಮಿಲಿ ನೀರು, 90 ಮಿಲಿ ಗ್ಯಾಸ್ ಹಾಕಿ, ಮುಚ್ಚಿ ಕುಲುಕಿ, ಹತ್ತು ನಿಮಿಷ ಬಿಡಿ. ತಳದ ನೀರಿನ ಪದರ 10ರಲ್ಲೇ ನಿಂತ್ರೆ ಎಥನಾಲ್ ಇಲ್ಲ. 18-19ಕ್ಕೆ ಏರಿದ್ರೆ ಅದು ಇ10, ಎಥನಾಲ್ ನೀರಿಗೆ ಸೇರ್ಕೊಂಡಿದೆ. ಮನೆ ಹೊರಗೆ ಮಾಡಿ, ಬೆಂಕಿ ಹತ್ರ ಬೇಡ, ಮಿಕ್ಕಿದ್ದನ್ನ ವಾಪಸ್ ಟ್ಯಾಂಕಿಗೆ ಸುರೀಬೇಡಿ.

ಪ್ರೇಮಕ್ಕ, ಬೆಂಗಳೂರಲ್ಲಿರೋ ನಿಮ್ಮ ತಂದೆ ಕಾರಿನ ಬಗ್ಗೆ ಕೇಳಿದ್ರಿ. ಅಲ್ಲಿ ಈಗ ಇ20, ಅಂದ್ರೆ ಎಥನಾಲ್ ಎರಡರಷ್ಟು. ಎಥನಾಲ್ ಇಲ್ಲದ್ದಕ್ಕಿಂತ ಶಕ್ತಿಯ ಲೆಕ್ಕದಲ್ಲೇ ಶೇಕಡಾ ಆರೇಳು ಕಮ್ಮಿ, ಹಳೇ ಕಾರುಗಳಲ್ಲಿ ಗೊತ್ತಾಗುತ್ತೆ. ಅಲ್ಲಿನ ಲೆಕ್ಕದ 91 ಆಕ್ಟೇನ್ ಇಲ್ಲಿನ 91 ಅಲ್ಲ, ಅಳೆಯೋ ಪದ್ಧತಿನೇ ಬೇರೆ. ಅಲ್ಲಿನ 91 ಹೆಚ್ಚುಕಮ್ಮಿ ಇಲ್ಲಿನ 87.

ಈಗ ನಿಮ್ಮ ದೋಣಿ, ಜನರೇಟರ್. ಎಥನಾಲ್ ಇಲ್ಲದ್ದಕ್ಕೆ ದುಡ್ಡು ಕೊಡೋದು ಸಾರ್ಥಕ ಆಗೋದು ಇಲ್ಲಿ. ಎಥನಾಲ್ ನೀರನ್ನ ಎಳ್ಕೊಳ್ಳುತ್ತೆ. 60 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಒಂದು ಗ್ಯಾಲನ್ ಇ10 ಸುಮಾರು 3.8 ಟೀ ಚಮಚ ನೀರು ಹಿಡ್ಕೊಳ್ಳುತ್ತೆ, ಚಳಿ ಹೆಚ್ಚಿದಷ್ಟೂ ಕಮ್ಮಿ. ಅದು ಮೀರಿದ್ರೆ ನೀರೂ ಎಥನಾಲೂ ಸೇರಿ ಬೇರೆ ಪದರವಾಗಿ ತಳಕ್ಕೆ ಕೂರುತ್ತೆ, ಪೈಪು ಎಳೆಯೋದು ಮೊದಲು ಅದನ್ನೇ. ಮೇಲೆ ಉಳಿದ ಗ್ಯಾಸ್‌ನ ಆಕ್ಟೇನೂ ಬಿದ್ದಿರುತ್ತೆ. ಟ್ರಕ್‌ನ ಟ್ಯಾಂಕ್ ಮುಚ್ಚಿದ ವ್ಯವಸ್ಥೆ, ವಾರ ವಾರ ಖಾಲಿಯಾಗುತ್ತೆ, ಅದಕ್ಕೇ ಅಲ್ಲಿ ಈ ತೊಂದ್ರೆ ಇಲ್ಲ. ದೋಣಿ ಟ್ಯಾಂಕ್‌ಗೆ ಗಾಳಿ ಕಿಂಡಿ ಇರುತ್ತೆ, ತಿಂಗಳುಗಟ್ಟಲೆ ನಿಂತಿರುತ್ತೆ. ಜನರೇಟರ್ ಕಾರ್ಬ್ಯುರೇಟರ್‌ನ ಸಣ್ಣ ಜೆಟ್ ಅಂಟು ಕಟ್ಟಿ ಕೂತ್ಕೊಂಡ್ರೆ, 2021ರ ಫೆಬ್ರವರಿ ಚಳಿಯಲ್ಲಿ ಟೆಕ್ಸಸ್‌ನಲ್ಲಿ ಆದ ಥರ ಕರೆಂಟ್ ಹೋದ ದಿನವೇ ಸ್ಟಾರ್ಟ್ ಆಗಲ್ಲ.

ಹೇಗೂ ಒಕ್ಲಹೋಮಾ ಗಡಿಯ ಲೇಕ್ ಟೆಕ್ಸೋಮಾಗೆ ದೋಣಿ ಎಳ್ಕೊಂಡು ಹೋಗ್ತೀರಲ್ಲ, ಆಗ ಐದು ಗ್ಯಾಲನ್ ಕ್ಯಾನ್ ಒಂದೆರಡು ತುಂಬಿಸ್ಕೊಂಡು ಬನ್ನಿ. ಐದು ಗ್ಯಾಲನ್‌ಗೆ ಗ್ಯಾಸ್ ಕೆಡದ ಹಾಗೆ ಕಾಯೋ ಕೆಂಪು ಸ್ಟಾಬಿಲ್ ಎರಡು ಔನ್ಸ್ ಸೇರಿಸಿ. ಜನರೇಟರ್‌ಗೆ ಹಾಕಿ ಐದು-ಹತ್ತು ನಿಮಿಷ ಹೊರಗಡೆ ಓಡಿಸಿ, ಆಮೇಲೆ ಫ್ಯುಯೆಲ್ ವಾಲ್ವ್ ತಿರುಗಿಸಿ ಬಂದ್ ಮಾಡಿ, ಕಾರ್ಬ್ಯುರೇಟರ್ ಖಾಲಿಯಾಗಿ ತಾನೇ ನಿಲ್ಲೋವರೆಗೂ ಬಿಡಿ. ಅನ್‌ಲೆಡೆಡ್ 88 ಅಂತ ಅಗ್ಗಕ್ಕೆ ಸಿಗುತ್ತಲ್ಲ, ಅದು ಇ15. 2001 ಮತ್ತು ಆಮೇಲಿನ ಟ್ರಕ್‌ಗೆ ಪರವಾಗಿಲ್ಲ, ದೋಣಿ, ಬೈಕು, ಹುಲ್ಲು ಕತ್ತರಿಸೋ ಮೆಷೀನ್‌ಗೆ ಕಾನೂನಿನ ಪ್ರಕಾರವೂ ಹಾಕೋ ಹಾಗಿಲ್ಲ.

ಕ್ಯಾನ್ ತುಂಬಿಸೋವಾಗ ಎರಡು ವಿಷಯ. ಎಲ್ಲಾ ಗ್ರೇಡಿಗೂ ಒಂದೇ ಹೋಸ್ ಇರೋ ಪಂಪಾದ್ರೆ, ಹಿಂದಿನವರು ಹಾಕಿದ ಇ10 ಮೂರನೇ ಒಂದು ಗ್ಯಾಲನ್‌ನಷ್ಟು ಹೋಸ್‌ನಲ್ಲೇ ಇರುತ್ತೆ. ಮೊದಲ ಒಂದು ಗ್ಯಾಲನ್ ಟ್ರಕ್‌ಗೆ ಹಾಕಿ, ಆಮೇಲೆ ಕ್ಯಾನ್‌ಗೆ. ಕ್ಯಾನನ್ನ ಟ್ರಕ್‌ನ ಹಿಂದೆ ಬೆಡ್ ಮೇಲೇ ಇಟ್ಟು ಮಾತ್ರ ತುಂಬಿಸಬೇಡಿ. ಪ್ಲಾಸ್ಟಿಕ್ ಲೈನರ್ ಮೇಲೆ ಸ್ಟ್ಯಾಟಿಕ್ ಕರೆಂಟ್ ನೆಲಕ್ಕೆ ಇಳಿಯೋಕೆ ದಾರಿ ಇರಲ್ಲ, ಕಿಡಿ ಹಾರಿ ಬೆಂಕಿ ಹತ್ತಿಕೊಂಡಿರೋದು ಉಂಟು. ಕೆಳಗೆ ನೆಲದ ಮೇಲಿಡಿ, ನಾಝಲ್ ಕ್ಯಾನಿನ ಬಾಯಿಗೆ ತಾಗಿಸೇ ಹಿಡೀರಿ, ಮೇಲೆ ಒಂದಿಷ್ಟು ಜಾಗ ಬಿಟ್ಟು ಮುಚ್ಚಳ ಬಿಗಿ ಮಾಡಿ, ಆಮೇಲೆ ಎತ್ತಿಡಿ.