ಶರದೃತುವಿನಲ್ಲಿ ಅಘನಾಶಿನಿ ಅಳಿವೆ: ಹಕ್ಕಿ ನೋಡಲು ಯಾವ ಹೊತ್ತು ಸರಿ?

ಪ್ರಶ್ನೆ (ಶಿರಸಿಯಿಂದ):

ಮಾನ್ಯರೇ, ಮಳೆಗಾಲದಲ್ಲಿ ಸೋಂದಾದ ಮುಂಡಿಗೆಕೆರೆಗೆ ಹೋಗಿ, ಮುಂಡಿಗೆ ಪೊದೆಗಳ ಮೇಲೆ ಗೂಡು ಕಟ್ಟುವ ಬೆಳ್ಳಕ್ಕಿಗಳನ್ನು ನೋಡುವುದು ನನ್ನ ರೂಢಿ. ಅಲ್ಲಿ ಕೆರೆಯ ಏರಿಯ ಮೇಲೆ ನಿಂತರೆ ಸಾಕು, ಬೆಳಿಗ್ಗೆಯಾಗಲಿ ಸಂಜೆಯಾಗಲಿ ಹಕ್ಕಿಗಳು ಕಾಣುತ್ತವೆ. ನವರಾತ್ರಿ ಮುಗಿದ ಮೇಲೆ ಅಘನಾಶಿನಿ ಅಳಿವೆಗೆ ಬರುವ ವಲಸೆ ಹಕ್ಕಿಗಳನ್ನು ನೋಡಬೇಕೆಂಬ ಆಸೆಯಿದೆ. ಆದರೆ ಪರಿಚಿತರಲ್ಲಿ ಒಬ್ಬರು ಬೆಳಗಿನ ಜಾವವೇ ಹೋಗಿದ್ದರೂ ಬರೀ ನೀರು ಕಂಡು ಬಂದೆವೆನ್ನುತ್ತಾರೆ, ಮತ್ತೊಬ್ಬರು ಉರಿಬಿಸಿಲಿನಲ್ಲಿ ಹೋಗಿಯೂ ಕೆಸರಿನ ತುಂಬ ಹಕ್ಕಿ ಕಂಡೆವೆನ್ನುತ್ತಾರೆ. ಯಾರ ಮಾತು ನಂಬಬೇಕು? ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿರುವುದರಿಂದ ಟಿಕೆಟು, ಗೇಟು ಏನಾದರೂ ಇದೆಯೇ? ನನ್ನ ಬಳಿ ಸಾಧಾರಣ ದುರ್ಬೀನು ಮಾತ್ರ ಇದೆ.

ಉತ್ತರ (ಕುಮಟಾದಿಂದ):

ಇಬ್ಬರ ಮಾತೂ ನಿಜ. ಕೆರೆಯ ಲೆಕ್ಕ ಅಳಿವೆಗೆ ಹೊಂದುವುದಿಲ್ಲ, ಇಲ್ಲಿ ಗಡಿಯಾರಕ್ಕಿಂತ ಭರತ-ಇಳಿತವನ್ನು ನೋಡಿ ಹೊರಡಬೇಕು. ದಿನಕ್ಕೆ ಎರಡು ಬಾರಿ ನೀರು ಏರಿ ಇಳಿಯುತ್ತದೆ, ಮತ್ತು ಆ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಈ ವಾರ ಬೆಳಿಗ್ಗೆ ಏಳಕ್ಕೆ ಕೆಸರು ತೆರೆದುಕೊಂಡಿದ್ದ ಜಾಗದಲ್ಲಿ ಮುಂದಿನ ವಾರ ಅದೇ ಏಳಕ್ಕೆ ನೀರು ತುಂಬಿರುತ್ತದೆ. ಹುಳು, ಏಡಿ, ಚಿಪ್ಪುಜೀವಿಗಳನ್ನು ಹೆಕ್ಕುವ ಹಕ್ಕಿಗಳಿಗೆ ಆ ಕೆಸರೇ ಊಟದ ಎಲೆ. ನೀರು ಏರಿತೆಂದರೆ ಅವು ಗಜನಿಯ (ಉಪ್ಪುನೀರು ನುಗ್ಗುವ ಅಳಿವೆಯಂಚಿನ ಗದ್ದೆ) ಕಟ್ಟೆಗಳಿಗೋ, ಸಾಣಿಕಟ್ಟಾದ ಉಪ್ಪಿನ ಆಗರದಂಥ ಎತ್ತರದ ಒಣ ಜಾಗಕ್ಕೋ ಹೋಗಿ ಒಂಟಿಕಾಲಿನಲ್ಲಿ ನಿಂತು ವಿಶ್ರಮಿಸುತ್ತವೆ.

ಇಳಿತ ತಳ ಮುಟ್ಟಿದ ಹೊತ್ತು ಶ್ರೇಷ್ಠವೆಂದು ಬಹಳ ಜನ ತಿಳಿದಿದ್ದಾರೆ. ನನಗೆ ಹಾಗೆನಿಸುವುದಿಲ್ಲ, ಏಕೆಂದರೆ ಆಗ ಹಕ್ಕಿಗಳು ನೀರಿನಂಚನ್ನು ಹಿಂಬಾಲಿಸಿ ದೂರ ದೂರ ಚದುರಿರುತ್ತವೆ, ಸಾಧಾರಣ ದುರ್ಬೀನಿಗೆ ಚುಕ್ಕೆಗಳಾಗಿಯೇ ಉಳಿಯುತ್ತವೆ. ಅದಾದ ಮೇಲೆ ನೀರು ಮತ್ತೆ ಏರತೊಡಗಿದಾಗ, ಕಟ್ಟೆಯ ಮೇಲೆ ಅಲುಗಾಡದೆ ಕುಳಿತಿದ್ದರೆ, ಕೆಸರು ಕಿರಿದಾಗುತ್ತ ಬಂದಂತೆ ಅವು ತಾವಾಗಿಯೇ ನಿಮ್ಮತ್ತ ಸರಿಯುತ್ತವೆ. ಹುಣ್ಣಿಮೆ, ಅಮಾವಾಸ್ಯೆಗಳ ಸುತ್ತಮುತ್ತ ಇಳಿತ ದೊಡ್ಡದು, ಅಷ್ಟಮಿಯ ಹೊತ್ತಿಗೆ ಚಿಕ್ಕದು. ಪಂಚಾಂಗವೊಂದಿದ್ದರೆ ಅರ್ಧ ಕೆಲಸ ಆದಂತೆ.

ಟಿಕೆಟು, ಗೇಟು ಇಲ್ಲ. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ್ದರೂ ಇದು ಮುಂಡಗೋಡಿನ ಅತ್ತಿವೇರಿಯಂತೆ ಬೇಲಿ ಹಾಕಿದ ಪಕ್ಷಿಧಾಮವಲ್ಲ, ಜನ ದುಡಿದು ಬದುಕುವ ಜಾಗ. ಸಿಂಗಳೀಕಗಳಿರುವ ಅಘನಾಶಿನಿ ಸಂರಕ್ಷಿತ ಪ್ರದೇಶ ಘಟ್ಟದ ಮೇಲಿನ ಕಾಡು, ಅದು ಬೇರೆ.

ಉತ್ತರ (ಕಾರವಾರದಿಂದ):

ಗುರುತಿಸುವ ಬಗ್ಗೆ ನನ್ನದೊಂದು ಮಾತು. ಸ್ಯಾಂಡ್ ಪ್ಲೋವರ್ ಎಂಬ ಚಿಕ್ಕ ವಲಸೆ ಹಕ್ಕಿಗಳಲ್ಲಿ ಕೆಲವು ಆಗಸ್ಟ್ ಹೊತ್ತಿಗೇ ಬಂದು ಸೇರುತ್ತವೆ, ಆಗ ಎದೆಯ ಮೇಲೆ ಇಟ್ಟಿಗೆಬಣ್ಣ ಇನ್ನೂ ಉಳಿದಿರುತ್ತದೆ. ಅಕ್ಟೋಬರ್‌ನಲ್ಲಿ ಹೆಚ್ಚಿನವು ಬೂದುಗಂದು ಬಣ್ಣಕ್ಕೆ ತಿರುಗಿರುವುದರಿಂದ, ಪುಸ್ತಕದ ಬಣ್ಣದ ಚಿತ್ರಗಳನ್ನು ನಂಬಿ ಹೋದವರಿಗೆ ಎಲ್ಲವೂ ಒಂದೇ ರೀತಿ ಕಾಣುತ್ತವೆ. ಮೊದಲು ಕೊಕ್ಕು, ಕಾಲು ನೋಡಿ. ಕಾಲು ಕಿತ್ತಳೆಗೆಂಪಾಗಿದ್ದು, ಹಾರಿದಾಗ ರೆಕ್ಕೆಯ ಹಿಂಬದಿಯಲ್ಲಿ ಅಗಲವಾದ ಬಿಳಿ ಪಟ್ಟಿ ಹೊಳೆದರೆ ಅದು ರೆಡ್‌ಶ್ಯಾಂಕ್. ಹಸಿರು ಛಾಯೆಯ ಕಾಲು, ತುಸು ಮೇಲಕ್ಕೆ ಬಾಗಿದ ಕೊಕ್ಕು, ಹಾರುವಾಗ ಮೂರು ಬಾರಿ ಕೂಗುವ ಅಭ್ಯಾಸ ಇದ್ದರೆ ಗ್ರೀನ್‌ಶ್ಯಾಂಕ್. ಕೆಳಕ್ಕೆ ಬಾಗಿದ ಉದ್ದ ಕೊಕ್ಕಿನವು ಎರಡಿವೆ: ನೆತ್ತಿಯ ಮೇಲೆ ಗೀಟುಗಳಿದ್ದು ಕೊಕ್ಕು ಗಿಡ್ಡವಾಗಿದ್ದರೆ ವಿಂಬ್ರೆಲ್, ಗೀಟಿಲ್ಲದೆ ಕೊಕ್ಕು ಇನ್ನೂ ಉದ್ದವಾಗಿದ್ದರೆ ಕರ್ಲ್ಯೂ.

ಕಡಲಕ್ಕಿಗಳ ದೊಡ್ಡ ಹಿಂಡು ಬೇಕಾದರೆ ದೀಪಾವಳಿ ಕಳೆಯಲಿ. ಕಂದುತಲೆಯ ಕಡಲಕ್ಕಿ ಚಳಿಗಾಲದಲ್ಲಿ ತಲೆಯ ಬಣ್ಣ ಕಳೆದುಕೊಂಡು ಕಿವಿಯ ಹತ್ತಿರ ಕಪ್ಪು ಮಚ್ಚೆಯೊಂದನ್ನು ಮಾತ್ರ ಉಳಿಸಿಕೊಂಡಿರುತ್ತದೆ, ಆದ್ದರಿಂದ ಹೆಸರು ನೋಡಿ ಮೋಸ ಹೋಗಬೇಡಿ. ಇಲ್ಲಿ ಕಾಳಿ ನದಿಯ ಅಳಿವೆಯಲ್ಲಿಯೂ ಅವು ಸಿಗುತ್ತವೆ.

ಉತ್ತರ (ಅಘನಾಶಿನಿ ಭಾಗದಿಂದ):

ಬರುವವರು ಒಂದು ವಿಷಯ ಗಮನಿಸಬೇಕು. ಇಳಿತದಲ್ಲಿ ನಿಮಗಿಂತ ಮೊದಲೇ ಬೆಳಚು (ತಿನ್ನುವ ಚಿಪ್ಪುಜೀವಿ) ತೆಗೆಯುವ ಹೆಂಗಸರು, ಗಂಡಸರು ಸೊಂಟದುದ್ದದ ನೀರಿನಲ್ಲಿರುತ್ತಾರೆ. ಹಕ್ಕಿಗಳು ಅವರಿಗೆ ಹೊಂದಿಕೊಂಡಿವೆ, ಆದರೆ ಫೋಟೋಕ್ಕಾಗಿ ಕೆಸರಿಗಿಳಿದು ನೇರವಾಗಿ ನಡೆದುಬರುವ ಹೊಸಬರನ್ನು ಕಂಡರೆ ಹಿಂಡಿಗೆ ಹಿಂಡೇ ಏಳುತ್ತದೆ. ಸಾವಿರಾರು ಮೈಲಿ ಹಾರಿ ಬಂದು ಕೊಬ್ಬು ತುಂಬಿಕೊಳ್ಳುವ ದಿನಗಳಲ್ಲಿ ಹಾಗೆ ಮತ್ತೆ ಮತ್ತೆ ಎಬ್ಬಿಸುವುದು ಸರಿಯಲ್ಲ. ಗಜನಿಗಳಲ್ಲಿ ಕಗ್ಗ ಭತ್ತದ ಕೊಯ್ಲು ನಡೆಯುವುದೂ ಇದೇ ಸಮಯದಲ್ಲಿ, ಹೀಗಾಗಿ ಕಟ್ಟೆಯ ಮೇಲೆ ಹೋಗುವ ಮೊದಲು ಗದ್ದೆಯವರನ್ನು ಕೇಳಿ. ತದಡಿ ಕಡೆಯಿಂದ ದೋಣಿ ಮಾಡಿಕೊಳ್ಳುವುದಾದರೆ, ದೊಡ್ಡ ಇಳಿತದಲ್ಲಿ ದೋಣಿ ಹೂಳಿಗೆ ಸಿಕ್ಕಿಕೊಳ್ಳುವುದುಂಟು. ಹಿಂತಿರುಗುವ ಹೊತ್ತನ್ನು ನಿರ್ಧರಿಸುವುದು ದೋಣಿಯವರಿಗೇ ಬಿಡಿ.