ವಾಯುದಾಳಿಯಲ್ಲಿ ನಾಗರಿಕರು ಸತ್ತು, ಎಲ್ಲರೂ "ನಾವಲ್ಲ" ಅಂದಾಗ ಹೊಣೆ ಗೊತ್ತುಮಾಡುವುದು ಹೇಗೆ?

ನೇತ್ರಾವತಿ_ದಂಡೆ:
ಲಿಬಿಯಾ, ಯೆಮನ್, ಇರಾಕ್‌ನ ದಾಳಿಗಳ ವರದಿ ಓದುವಾಗ ಪ್ರತಿ ಸಲ ಒಂದೇ ಕಡೆ ಗೊಂದಲ. ಬಾಂಬಿನ ಚೂರಿನ ಫೋಟೊ ಇರುತ್ತದೆ, ಅದರ ಮೇಲೆ ನಂಬರೂ ಇರುತ್ತದೆ. ಆದರೂ ಕೊನೆಗೆ "ಹೊಣೆ ವಿವಾದಿತ" ಅಂತ ಬರೆದಿರುತ್ತಾರೆ. ಚೂರು ಸಿಕ್ಕ ಮೇಲೂ ಯಾಕೆ ತೀರ್ಮಾನ ಆಗುವುದಿಲ್ಲ? ಸತ್ತವರ ಸಂಖ್ಯೆ ಒಂದೊಂದು ಕಡೆ ಒಂದೊಂದು ಇರುವುದೇಕೆ?

ಸಹ್ಯಾದ್ರಿ72:
ಚೂರಿನಿಂದ ಗೊತ್ತಾಗುವುದು ಯಾವ ಆಯುಧ ಅಂತ. ಯಾರು ಹಾಕಿದರು ಅನ್ನುವುದು ಬೇರೆಯೇ ಪ್ರಶ್ನೆ, ಅದಕ್ಕೆ ಬೇರೆ ಸಾಕ್ಷ್ಯ ಬೇಕು.

ಅಮೆರಿಕದ ಪೂರೈಕೆಯ ಭಾಗಗಳ ಮೇಲೆ ಸಾಮಾನ್ಯವಾಗಿ ಅಂಕಿ, ಅಕ್ಷರ ಬೆರೆತ ಐದು ಚಿಹ್ನೆಗಳ ಕೇಜ್ ಕೋಡ್ ಇರುತ್ತದೆ. ಅದರಿಂದ ತಯಾರಿಸಿದ ಕಂಪನಿ ಸಿಗುತ್ತದೆ, ಪಕ್ಕದ ಪಾರ್ಟ್ ನಂಬರಿನಿಂದ ಅದು ಯಾವ ಭಾಗ ಅಂತ. ಬಾಂಬಿನ ಒಡಲು ಸಿಡಿದು ಚೂರುಚೂರಾಗುವುದರಿಂದ ಮೊದಲು ಹುಡುಕಬೇಕಾದದ್ದು ಬಾಲದ ಕಡೆಯ ರೆಕ್ಕೆ, ಅದನ್ನು ತಿರುಗಿಸುವ ಮೋಟಾರು, ಬಾಂಬನ್ನು ಗುರಿಯತ್ತ ನಡೆಸುವ ಮಾರ್ಗದರ್ಶಿ ಕಿಟ್. ಬಿದ್ದ ಜಾಗದಲ್ಲೇ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದ ಫೋಟೊ ಬೇಕು. ಎಲ್ಲವನ್ನೂ ಎತ್ತಿ ತಂದು ಅಂಗಳದಲ್ಲಿ ಜೋಡಿಸಿ ತೆಗೆದರೆ ಅದೇ ಊರಿನ ಹಳೆಯ ದಾಳಿಯ ಚೂರೂ ಅದರೊಳಗೆ ಸೇರಿಕೊಂಡಿರಬಹುದು.

ಯೆಮನ್‌ನ ಅಬ್ಯನ್ ಪ್ರಾಂತ್ಯದ ಅಲ್-ಮಜಲಾ ನೋಡಿ. 2009ರ ಡಿಸೆಂಬರ್ 17ರ ದಾಳಿ ತನ್ನದೇ ಅಂತ ಯೆಮನ್ ಸರ್ಕಾರ ಹೇಳಿಕೊಂಡಿತು. ಅಲ್ಲಿನ ಸಂಸತ್ತಿನ ಸಮಿತಿಯ ಲೆಕ್ಕದಲ್ಲಿ ಸತ್ತ ನಿವಾಸಿಗಳು 41 ಜನ, ಅವರಲ್ಲಿ 14 ಹೆಂಗಸರು, 21 ಮಕ್ಕಳು. 2010ರ ಜೂನ್‌ನಲ್ಲಿ ಮಾನವ ಹಕ್ಕು ಸಂಸ್ಥೆ ಆಮ್ನೆಸ್ಟಿ ಪ್ರಕಟಿಸಿದ ಫೋಟೊಗಳಲ್ಲಿ ಅಮೆರಿಕದ ಟೊಮಾಹಾಕ್ ಕ್ಷಿಪಣಿಯ ಭಾಗಗಳೂ, ಅಂಥ ಕ್ಷಿಪಣಿ ಹೊತ್ತು ತಂದು ಚೆಲ್ಲುವ ಬಿಎಲ್‌ಯು-97 ಮರಿಬಾಂಬೂ ಕಂಡವು. ಆ ಕ್ಷಿಪಣಿ ಯೆಮನ್ ಸೇನೆಯ ಬಳಿ ಇರಲೇ ಇಲ್ಲ. ಅದೇ ವರ್ಷ ಬಯಲಾದ ರಾಜತಾಂತ್ರಿಕ ದಾಖಲೆಗಳೂ ಅಮೆರಿಕದ ಕಡೆಗೇ ಬೆರಳು ತೋರಿಸಿದವು. ಆಯುಧ ಅಪರೂಪದ್ದಾಗಿದ್ದರಿಂದ ಇಲ್ಲಿ ದಾರಿ ಸುಲಭವಾಯಿತು. ಎಂಕೆ-82ರಂಥ ಸಾಮಾನ್ಯ ಬಾಂಬು ಎಷ್ಟೋ ದೇಶಗಳ ಬಳಿ ಇದೆ. ಅಂಥ ಕಡೆ ಚೂರು ನಿಮ್ಮನ್ನು ಅರ್ಧ ದಾರಿಗೆ ಬಿಟ್ಟುಬಿಡುತ್ತದೆ.

ಗಡಿಯಾರ_ಕಂಬ:
ಅಲ್ಲಿಂದ ಮುಂದೆ ನಿರ್ಣಾಯಕವಾಗುವುದು ಸಮಯ. ಯಾರ ವಿಮಾನ ಎಷ್ಟು ಹೊತ್ತಿಗೆ ಮೇಲಿತ್ತು ಅಂತ ಹೊಂದಿಸಬೇಕಾದರೆ ಸ್ಫೋಟದ ನಿಮಿಷ ಬೇಕು. ಟೆಲಿಗ್ರಾಂ ಆ್ಯಪ್‌ನಲ್ಲಿ ಪೋಸ್ಟಿನ ಪಕ್ಕ ಕಾಣುವುದು ನೋಡುವವರ ಫೋನಿನ ಸಮಯ. ಬೆಂಗಳೂರಿನಲ್ಲಿ ಕೂತು ನೋಡಿದರೆ ಯೆಮನ್‌ಗಿಂತ ಎರಡೂವರೆ ಗಂಟೆ ಮುಂದೆ, ಲಿಬಿಯಾಕ್ಕಿಂತ ಮೂರೂವರೆ ಗಂಟೆ. ಮೊದಲು ಎಲ್ಲವನ್ನೂ ಯುಟಿಸಿಗೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯಕ್ಕೆ, ತನ್ನಿ.

ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ, ವಿಡಿಯೊದ ಮೆಟಾಡೇಟಾ (ತೆಗೆದ ಸಮಯ, ಜಾಗದಂಥ ಒಳ ಮಾಹಿತಿ) ಕಳೆದುಹೋಗುತ್ತದೆ. ಮೂಲ ಫೈಲು ಕೇಳಿ, ಕೈಗೆ ಬಂದ ತಕ್ಷಣ ಎಸ್‌ಎಚ್‌ಎ-256 ಹ್ಯಾಶ್ (ಫೈಲು ಚೂರು ಬದಲಾದರೂ ಬದಲಾಗುವ ಗುರುತು ಸಂಖ್ಯೆ) ಬರೆದಿಟ್ಟು, ಪ್ರತಿಯ ಮೇಲೆ ಕೆಲಸ ಮಾಡಿ. ಹಗಲಿನ ವಿಡಿಯೊ ಆದರೆ ಮಿನಾರು, ನೀರಿನ ಟ್ಯಾಂಕು ನೋಡಿ ಜಾಗ ಗುರುತಿಸಿ, ನೆರಳಿನ ದಿಕ್ಕಿನಿಂದ ಗಂಟೆ ತಾಳೆ ನೋಡಬಹುದು. ಉಚಿತವಾಗಿ ಸಿಗುವ ಸೆಂಟಿನೆಲ್-2 ಉಪಗ್ರಹ ಚಿತ್ರದ ಒಂದು ಪಿಕ್ಸೆಲ್ ಅಂದರೆ 10 ಮೀಟರ್. ಕುಸಿದ ದೊಡ್ಡ ಕಟ್ಟಡ ಯಾವ ಎರಡು ದಿನಾಂಕಗಳ ನಡುವೆ ಬಿತ್ತು ಅಂತ ತಿಳಿಯಲು ಅದು ಸಾಕು. ಅದರಲ್ಲಿ ಕುಳಿ ಅಳೆಯಲು ಹೋಗಬೇಡಿ.

ನೇತ್ರಾವತಿ_ದಂಡೆ:
ಇರಾಕ್‌ನ ಮೊಸುಲ್‌ನಲ್ಲಿ ಬಾಂಬು ಹಾಕಿದ್ದು ತಾವೇ ಅಂತ ಅಮೆರಿಕದವರು ಒಪ್ಪಿಕೊಂಡಿದ್ದರಲ್ಲ? ಆಮೇಲೂ ವಿವಾದ ಯಾಕೆ?

ಲೆಕ್ಕದ_ಪುಸ್ತಕ:
ಅಲ್ಲಿ ಜಗಳ ಕಾರಣದ್ದು. 2017ರ ಮಾರ್ಚ್ 17ರಂದು ಮೊಸುಲ್‌ನ ಅಲ್-ಜದೀದಾ ಬಡಾವಣೆಯಲ್ಲಿ ಚಾವಣಿ ಮೇಲಿದ್ದ ಇಬ್ಬರು ಸ್ನೈಪರ್‌ಗಳ ಮೇಲೆ ಒಂದು ಜಿಬಿಯು-38 ಹಾಕಿದರು. ಅದು ಸುಮಾರು 227 ಕೆಜಿ ಬಾಂಬು, ಒಳಗಿನ ಸ್ಫೋಟಕ 87 ಕೆಜಿ ಆಸುಪಾಸು, ಉಳಿದದ್ದು ಬಹುಪಾಲು ಉಕ್ಕು. ಅಮೆರಿಕದ ತನಿಖೆ 105 ನಾಗರಿಕರ ಸಾವನ್ನು ಒಪ್ಪಿತು. ಆದರೆ ಕಟ್ಟಡ ಬಿದ್ದದ್ದು ಐಸಿಸ್ ಒಳಗಿಟ್ಟಿದ್ದ ಸ್ಫೋಟಕದಿಂದ, ಈ ಬಾಂಬಿಗೆ ಅಷ್ಟು ಶಕ್ತಿ ಇಲ್ಲ ಅಂದಿತು. ಅಂಥ ಸ್ಫೋಟಕ ಇರಲಿಲ್ಲ ಅಂದರು ನಿವಾಸಿಗಳು. ಇಂಥಲ್ಲಿ ಕೇಳಬೇಕಾದ್ದು: ಬಾಂಬು ತಗುಲಿದ ಜಾಗ, ಬಾಂಬು ಸಿಡಿಸುವ ಫ್ಯೂಸನ್ನು ತಗುಲಿದ ಮೇಲೆ ತಡವಾಗಿ ಸಿಡಿಯುವಂತೆ ಇಟ್ಟಿದ್ದರೇ, ಗೋಡೆ ಯಾವುದರದ್ದು, ಅವಶೇಷದ ಮಾದರಿ ತೆಗೆದವರು ಯಾರು, ಅಷ್ಟರಲ್ಲಿ ರಾಶಿ ಎಷ್ಟು ಕದಲಿತ್ತು. ಬಾಂಬು ಹಾಕಿದವರೇ ತನಿಖೆಯನ್ನೂ ಮಾಡಿದಾಗ ಈ ಉತ್ತರಗಳು ಬಹಿರಂಗವಾಗಿ ಇರಲೇಬೇಕು ಅನ್ನುವುದು ನನ್ನ ಖಚಿತ ನಿಲುವು.

ಸಂಖ್ಯೆಯ ವಿಷಯ. ಆಸ್ಪತ್ರೆ, ಸಮಾಧಿ, ಸಂಬಂಧಿಕರು, ಮೂರು ಕಡೆಯ ಪಟ್ಟಿಗಳನ್ನು ಹೆಸರು ಹಿಡಿದು ಕೂಡಿಸಬೇಕು. ಅರಬ್ಬಿ ಹೆಸರಲ್ಲಿ ತಂದೆ, ಅಜ್ಜ, ಮನೆತನ ಸೇರಿರುತ್ತವೆ. ಕನಿಷ್ಠ ಮೂರು ಭಾಗ ಮತ್ತು ವಯಸ್ಸು ಹೊಂದಿದರೆ ಮಾತ್ರ ಒಬ್ಬರೇ ಅನ್ನಿ. "ಅಬು ಅಹ್ಮದ್" ಅಂದರೆ ಅಹ್ಮದನ ತಂದೆ. ನಿಜನಾಮದ ಜೊತೆ ಅದೂ ಪಟ್ಟಿಗೆ ಬಂದರೆ ಒಬ್ಬರೇ ಇಬ್ಬರಾಗುತ್ತಾರೆ. ಕನಿಷ್ಠ, ಗರಿಷ್ಠ ಎರಡನ್ನೂ ಬರೆಯಿರಿ, ಸರಾಸರಿ ಬೇಡ.

ಸಹ್ಯಾದ್ರಿ72:
ಹೊಣೆಯನ್ನೂ ಹಾಗೇ ಬಿಡಿಬಿಡಿಯಾಗಿ ದಾಖಲಿಸಿ: ಆಯುಧ, ವಿಮಾನ, ನೆಲೆ, ಆದೇಶ ಕೊಟ್ಟವರು. ಟ್ರಿಪೋಲಿ ಬಳಿಯ ತಜೂರಾ ಬಂಧನ ಕೇಂದ್ರದ ಮೇಲೆ 2019ರ ಜುಲೈ 2ರಂದು ನಡೆದ ದಾಳಿಯಲ್ಲಿ ಕನಿಷ್ಠ 53 ವಲಸಿಗರು, ನಿರಾಶ್ರಿತರು ಸತ್ತರು. ಮೊದಲ ಬಾಂಬು ಸಶಸ್ತ್ರ ಗುಂಪೊಂದರ ವಾಹನ ರಿಪೇರಿ ಶೆಡ್ಡಿಗೆ, 11 ನಿಮಿಷದ ಮೇಲೆ ಎರಡನೆಯದು ಕೇಂದ್ರಕ್ಕೆ. ವಿದೇಶಿ ವಿಮಾನ ಇರಬೇಕು ಅನ್ನುವಷ್ಟಕ್ಕೆ ವಿಶ್ವಸಂಸ್ಥೆಯ ವರದಿ ಬಂತು. ಅದು ಯಾರ ಆದೇಶದಲ್ಲಿ ಹಾರಿತು ಅನ್ನುವ ಕೊಂಡಿ ಮಾತ್ರ ಬಾಕಿ ಉಳಿಯಿತು. ನೀವು ಓದುವ "ವಿವಾದಿತ" ಹೆಚ್ಚಾಗಿ ಈ ಕೊನೆಯ ಕೊಂಡಿಯದು.

ಇನ್ನೊಂದು. ಸ್ಥಳದಲ್ಲಿರುವವರಿಂದ ಫೋಟೊ ಕೇಳುವ ಮುಂಚೆ ಏನನ್ನೂ ಮುಟ್ಟಬೇಡಿ, ತಿರುಗಿಸಬೇಡಿ ಅಂತ ಬರೆದು ಕಳಿಸಿ. ಬಿಎಲ್‌ಯು-97 ಹಳದಿ ಡಬ್ಬಿಯಂತಿರುತ್ತದೆ, ಮಕ್ಕಳು ಎತ್ತಿಕೊಳ್ಳುತ್ತಾರೆ. ಅಲ್-ಮಜಲಾದಲ್ಲಿ ದಾಳಿ ಮುಗಿದ ಮೇಲೂ ಸಿಡಿಯದೆ ಉಳಿದ ಮರಿಬಾಂಬಿಗೆ ಜನ ಬಲಿಯಾದರು. ಜೂಮ್ ಮಾಡಿ ದೂರದಿಂದ ತೆಗೆದ ಫೋಟೊದಲ್ಲಿ ನಂಬರು ಕಾಣದಿದ್ದರೂ ಪರವಾಗಿಲ್ಲ.