ಪದಚರ್ಚೆ: ಕಾರಿನ ಡೆಂಟಿಗೆ ‘ತಗ್ಗು’ ಸಾಕೇ, ‘ನೆಗ್ಗು’ ಬೇಕೇ?

ಗೆಳೆಯರೇ, ನಮಸ್ಕಾರ.

ಬೆಳಗಾವಿಯಿಂದ ಬರೆಯುತ್ತಿದ್ದೇನೆ. ಐಟಿಐ ಹುಡುಗರಿಗೆ ಗಾಡಿ ಬಾಡಿ ಕೆಲಸ ಕಲಿಸುವುದು ನನ್ನ ಕೆಲಸ. ಡಿಕ್ಕಿ ಹೊಡೆದು, ಪಲ್ಟಿಯಾಗಿ, ಗೋಡೆಗೆ ಉಜ್ಜಿಕೊಂಡು ಬಂದ ಕಾರುಗಳನ್ನು ಮೊದಲಿನ ಆಕಾರಕ್ಕೆ ತರುವ ಕೆಲಸ ಇದು. ಸರ್ಕಾರದ ಪಟ್ಟಿಯಲ್ಲಿ ಇದರ ಹೆಸರು ‘ಮೆಕ್ಯಾನಿಕ್ ಆಟೋ ಬಾಡಿ ರಿಪೇರಿ’. ಒಂದು ವರ್ಷದ ಕೋರ್ಸು. ಬಣ್ಣದ ಕೆಲಸಕ್ಕೆ ‘ಮೆಕ್ಯಾನಿಕ್ ಆಟೋ ಬಾಡಿ ಪೇಂಟಿಂಗ್’ ಅಂತ ಇನ್ನೊಂದು ಕೋರ್ಸಿದೆ, ಅದೂ ಒಂದು ವರ್ಷದ್ದೇ. ಈಗ ಹುಡುಗರಿಗಾಗಿ ಕನ್ನಡದಲ್ಲಿ ಪಾಠದ ಟಿಪ್ಪಣಿ ಬರೆಯಲು ಕೂತಿದ್ದೇನೆ. ಮೊದಲ ಪುಟದಲ್ಲೇ ಒಂದು ಪದ ನನ್ನನ್ನು ತಡೆದು ನಿಲ್ಲಿಸಿದೆ: ಡೆಂಟ್.

ಡೆಂಟ್ ಅಂತಲೇ ಬರೆಯಿರಿ ಅಂತ ನೀವು ಹೇಳಬಹುದು. ಪಿ.ಬಿ. ರಸ್ತೆಯಲ್ಲಿ, ಆಟೋ ನಗರದಲ್ಲಿ ಎಲ್ಲರೂ ಅನ್ನುವುದು ಡೆಂಟ್ ಅಂತಲೇ. ಬೋರ್ಡಿನ ಮೇಲೂ ‘ಡೆಂಟಿಂಗ್-ಪೇಂಟಿಂಗ್’ ಅಂತಲೇ ಇರುತ್ತದೆ. ಆ ಪದದ ಮೇಲೆ ನನ್ನ ತಕರಾರಿಲ್ಲ. ಆದರೆ ಪಾಠ ಮಾಡುವಾಗ ಪದವನ್ನು ಬಿಡಿಸಿ ಹೇಳಲೇಬೇಕು. ಡೆಂಟ್ ಅಂದರೇನು ಅಂತ ಕೇಳಿದರೆ ನಮ್ಮ ಹುಡುಗರು ತಟ್ಟನೆ ಹೇಳುತ್ತಾರೆ, ‘ತಗ್ಗು ಸರ್’.

ತಗ್ಗು ತಪ್ಪು ಪದವೇನಲ್ಲ. ನಮ್ಮ ಕಡೆ ರಸ್ತೆಯ ಗುಂಡಿಗೂ ತಗ್ಗೇ. ‘ರಸ್ತ್ಯಾಗ ತಗ್ಗು ಬಿದ್ದಾವು’ ಅನ್ನುತ್ತೇವೆ. ಕಾರಿನ ಬಾಗಿಲಲ್ಲೂ ಒಂದು ಜಾಗ ಒಳಗೆ ಹೋಗಿರುತ್ತದೆ, ಅದಕ್ಕೇ ಹುಡುಗರು ತಗ್ಗು ಅನ್ನುವುದು. ಆದರೆ ಪದ ಒಂಟಿಯಾಗಿ ಬರುವುದಿಲ್ಲ, ಅಲ್ವಾ? ಜೊತೆಗೆ ತನ್ನ ಕ್ರಿಯಾಪದವನ್ನೂ ಕರೆದುಕೊಂಡು ಬರುತ್ತದೆ. ತಗ್ಗು ಬಿದ್ದರೆ ನಾವೇನು ಮಾಡುತ್ತೇವೆ? ಮುಚ್ಚುತ್ತೇವೆ. ತುಂಬುತ್ತೇವೆ. ತಗ್ಗನ್ನು ಎತ್ತಿದೆ ಅಂತ ಯಾರೂ ಅನ್ನುವುದಿಲ್ಲ. ಹುಡುಗನ ತಲೆಯಲ್ಲಿ ತಗ್ಗು ಅಂತ ಕೂತರೆ ಅವನ ಕೈ ಸೀದಾ ಪುಟ್ಟಿ ಡಬ್ಬಿಗೆ ಹೋಗುತ್ತದೆ. ಪುಟ್ಟಿ ಅಂದರೆ ಬಣ್ಣಕ್ಕೆ ಮುಂಚೆ ತಗಡಿಗೆ ಮೆತ್ತಿ ಸಮ ಮಾಡುವ ಲೇಪ.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಇಷ್ಟು ಹಟ. ಕಾರಿನ ಹೊರ ತಗಡಿನ ದಪ್ಪ ಸುಮಾರು 0.7ರಿಂದ 0.8 ಮಿಲಿಮೀಟರ್. ಅದರ ಮೇಲೆ ಅರ್ಧ ಇಂಚು ಪುಟ್ಟಿ ಮೆತ್ತಿದರೆ ಆ ದಿನ ಚೆಂದವೇ ಕಾಣುತ್ತದೆ. ಬಿಸಿಲಿಗೆ ತಗಡು ಹಿಗ್ಗುವ ಅಳತೆ ಬೇರೆ, ಪುಟ್ಟಿ ಹಿಗ್ಗುವ ಅಳತೆ ಬೇರೆ. ಸಾಲದ್ದಕ್ಕೆ ಬಾಗಿಲು ದಿನಕ್ಕೆ ಹತ್ತು ಸಲ ಬಡಿಯುತ್ತದೆ. ಒಂದು ದಿನ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ನೀರು ಇಳಿಯುತ್ತದೆ, ಒಳಗೆ ಜಂಗು ಹಿಡಿಯುತ್ತದೆ, ಆಮೇಲೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಸರಿಯಾದ ಕ್ರಮ ಬೇರೆ. ಮೊದಲು ತಗಡನ್ನು ಎತ್ತಬೇಕು, ತಟ್ಟಿ ಸಮ ಮಾಡಬೇಕು. ಪುಟ್ಟಿ ಕೊನೆಗೆ, ತೆಳ್ಳಗೆ, 2-3 ಮಿಲಿಮೀಟರ್ ದಾಟದಂತೆ.

ಹೀಗೆ ಯೋಚಿಸುವಾಗ ನಮ್ಮ ಅಜ್ಜಿಯ ಮಾತು ನೆನಪಾಯಿತು. ಮನೆಯಲ್ಲಿ ಹಿತ್ತಾಳೆಯ ಕೊಡ ಇತ್ತು. ಬಾವಿಕಟ್ಟೆಗೆ ಬಡಿದರೆ ಅಜ್ಜಿ ‘ಕೊಡ ನೆಗ್ಗೇತಿ’ ಅನ್ನುತ್ತಿದ್ದಳು. ತಗ್ಗು ಬಿದ್ದಿದೆ ಅನ್ನುತ್ತಿರಲಿಲ್ಲ. ಓಣಿಗೆ ಪಾತ್ರೆ ರಿಪೇರಿಯವನು ಬಂದಾಗ ‘ನೆಗ್ಗು ತಗದು ಕೊಡಪಾ’ ಅಂತ ಕೊಡ ಒಯ್ದು ಇಡುತ್ತಿದ್ದಳು. ಅವನು ಒಳಗೆ ಕಬ್ಬಿಣದ ಗುಂಡು ಹಿಡಿದು, ಹೊರಗಿನಿಂದ ಮರದ ಕೊಡತಿಯಲ್ಲಿ ಸಣ್ಣಗೆ ಬಡಿಯುತ್ತಿದ್ದ. ಅಂಚಿನಿಂದ ಶುರು ಮಾಡಿ ಸುತ್ತಿ ಸುತ್ತಿ ನಡುವಿಗೆ ಬರುತ್ತಿದ್ದ. ಇವತ್ತು ನಾನು ಕಲಿಸುವುದೂ ಅದನ್ನೇ. ಹಿಂದೆ ಡಾಲಿ ಹಿಡಿ, ಮುಂದೆ ಹತೋಡಿಯಿಂದ ತಟ್ಟು. ಡಾಲಿ ಅಂದರೆ ಅಂಗೈಯಲ್ಲಿ ಹಿಡಿಯುವ ಕಬ್ಬಿಣದ ಗಟ್ಟಿ, ಅಷ್ಟೇ.

ಬೆಂಗಳೂರು, ಮೈಸೂರು ಕಡೆ ಈ ಕೆಲಸಕ್ಕೆ ಟಿಂಕರಿಂಗ್ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಟಿಂಕರ್ ಅಂದರೆ ಊರೂರು ತಿರುಗಿ ಕೆಟಲು, ಪಾತ್ರೆ ರಿಪೇರಿ ಮಾಡುವವನು. ಅಲ್ಲಿಯೂ ಪಾತ್ರೆಯ ಪದವೇ ಕಾರಿಗೆ ಬಂತು. ನಮ್ಮ ಕೊಡದ ಪದ ಕಾರಿಗೆ ಬರಬಾರದೇಕೆ?

ಇನ್ನೊಂದು ಸಂಗತಿ ನನಗೆ ತುಂಬಾ ಖುಷಿ ಕೊಟ್ಟಿತು. ನೆಗ್ಗು ಪದವನ್ನು ಹಲಗೆಯ ಮೇಲೆ ಬರೆದಾಗ ಅದರ ಬಳಗವೆಲ್ಲ ಸಾಲಾಗಿ ನೆನಪಿಗೆ ಬಂತು. ಬಗ್ಗು, ನೆಗ್ಗು, ಹಿಗ್ಗು, ಕುಗ್ಗು, ಜಗ್ಗು. ಗಮನಿಸಿ, ಪೆಟ್ಟು ತಿಂದ ತಗಡಿಗೆ ಆಗುವುದು, ಅದಕ್ಕೆ ನಾವು ಮಾಡುವುದು ಎಲ್ಲ ಈ ಐದರಲ್ಲೇ ಇದೆ. ಪೆಟ್ಟು ಬಿದ್ದ ಜಾಗದ ಸುತ್ತ ತಗಡು ಸುಮ್ನೆ ಬಗ್ಗಿರುತ್ತದೆ. ನಡುವಿನ ಒತ್ತಡ ಬಿಡಿಸಿದರೆ ಅದು ತಾನಾಗಿ ಹಿಂದಕ್ಕೆ ಬರುತ್ತದೆ. ನಡುವೆ ನೆಗ್ಗಿರುತ್ತದೆ, ಅಲ್ಲಿ ಮಡಿಕೆ ಬಿದ್ದಿರುತ್ತದೆ, ಅದು ತಾನಾಗಿ ಬರುವುದಿಲ್ಲ. ಜೋರಾಗಿ ನೆಗ್ಗಿದ ಕಡೆ ತಗಡು ಹಿಗ್ಗಿಯೂ ಇರುತ್ತದೆ, ಅಂದರೆ ಎಳೆದು ತೆಳ್ಳಗಾಗಿ ಅಗಲವಾಗಿರುತ್ತದೆ. ಅಂಥದ್ದನ್ನು ಕುಗ್ಗಿಸಬೇಕು. ಚಾಸಿ, ಅಂದರೆ ಗಾಡಿಯ ಅಡಿ ಚೌಕಟ್ಟು, ಸೊಟ್ಟಗಾಗಿದ್ದರೆ ಗಾಡಿಯನ್ನು ಬಿಗಿದಿಡುವ ಕಬ್ಬಿಣದ ಬೆಂಚಿಗೆ ಕಟ್ಟಿ ಸರಪಳಿ ಹಾಕಿ ಜಗ್ಗಬೇಕು, ಅಳತೆ ನೋಡಿಕೊಂಡು ಮಿಲಿಮೀಟರ್ ಲೆಕ್ಕದಲ್ಲಿ. ಈ ಐದು ಪದಗಳಿಂದ ಒಂದು ಪೂರ್ತಿ ಅಧ್ಯಾಯ ಬರೆಯಬಹುದು. ಸಂಸ್ಕೃತದ ‘ವಿರೂಪ’, ‘ವಿಸ್ತರಣೆ’, ‘ಸಂಕೋಚನ’ ಯಾವುದೂ ಬೇಕಾಗುವುದಿಲ್ಲ.

ಕಳೆದ ವಾರ ಒಬ್ಬ ಹುಡುಗ ಹಳೆ ಕಾರಿನ ಬಾಗಿಲಿನ ಮೇಲೆ ಕೆಲಸ ಮಾಡುತ್ತಿದ್ದ. ಕಣ್ಣಿಗೆ ಸಪಾಟಾಗಿತ್ತು. ಬಾಗಿಲನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿಸಿದೆ. ಬೆಳಕಿನ ಗೆರೆ ಒಂದು ಕಡೆ ಮುರಿದಂತೆ ಕಾಣಿಸಿತು. ‘ಅರಿವಿ ಹಿಡಕೊಂಡು ಕೈ ಆಡ್ಸು, ಎಲ್ಲಿ ತಡೀತೈತಿ ನೋಡು’ ಅಂದೆ. ಅಂಗೈ ಕೆಳಗೆ ತೆಳು ಬಟ್ಟೆ ಇಟ್ಟುಕೊಂಡರೆ ಸಣ್ಣ ಏರಿಳಿತವೂ ಚೆನ್ನಾಗಿ ಗೊತ್ತಾಗುತ್ತದೆ. ಅವನು ಹೆಬ್ಬೆರಳಿನಿಂದ ಒತ್ತಿದ. ತಗಡು ‘ಟಪ್’ ಅಂತ ಒಳಗೆ ಹೋಯಿತು, ಬಿಟ್ಟರೆ ‘ಟಪ್’ ಅಂತ ಹೊರಗೆ ಬಂತು. ‘ಪತ್ರಾ ಸಡ್ಲ ಆಗೇತ್ರಿ ಸರ್’ ಅಂದ, ತಗಡು ಸಡಿಲವಾಗಿದೆ ಅಂತ. ನಾನು ಹೇಳಿದೆ, ‘ಹಿಗ್ಗೇತಿ. ಈಗ ಕುಗ್ಗಸ್ಬೇಕು’. ನಾಣ್ಯದಷ್ಟು ಜಾಗವನ್ನು ಕೆಂಪಗೆ ಕಾಯಿಸಿ, ಸುತ್ತ ಹಗುರವಾಗಿ ತಟ್ಟಿ, ಒದ್ದೆ ಬಟ್ಟೆ ಒತ್ತಿದೆವು.

ಅವನು ಆಗ ಕೇಳಿದ ಪ್ರಶ್ನೆ ಒಳ್ಳೆಯದು. ‘ಕಾಸಿದ್ರ ಲೋಹ ಹಿಗ್ಗತೈತಿ ಅಂತ ಸಾಲ್ಯಾಗ ಕಲ್ತೇವ್ರಿ. ಇಲ್ಲಿ ಕಾಸಿದ್ರ ಕುಗ್ಗತೈತಿ ಅಂತೀರಿ?’ ಕಾದ ಜಾಗ ಹಿಗ್ಗಲು ನೋಡುತ್ತದೆ, ಆದರೆ ಸುತ್ತಲಿನ ತಣ್ಣನೆಯ ತಗಡು ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ಅಗಲಕ್ಕೆ ಹೋಗಲು ದಾರಿ ಇಲ್ಲದೆ ಅದು ಅಲ್ಲೇ ದಪ್ಪವಾಗುತ್ತದೆ. ಆರುವಾಗ ಮಾತ್ರ ಎಳೆದುಕೊಳ್ಳುತ್ತದೆ. ಇಷ್ಟನ್ನು ಹಿಗ್ಗು, ಕುಗ್ಗು ಎರಡೇ ಪದಗಳಲ್ಲಿ ಹೇಳಿ ಮುಗಿಸಿದೆ, ಅವನಿಗೆ ಅರ್ಥವಾಯಿತು. ಈ ವಿದ್ಯೆ ಸಾದಾ ಉಕ್ಕಿನ ಹೊರ ತಗಡಿಗೆ ಮಾತ್ರ ಅಂತಲೂ ಹೇಳಿಬಿಟ್ಟೆ. ಈಗಿನ ಕಾರುಗಳ ಕಂಬ, ಒಳ ಚೌಕಟ್ಟಿಗೆ ಹೆಚ್ಚು ಬಲದ ಉಕ್ಕು ಬಳಸುತ್ತಾರೆ. ಅದನ್ನು ಕಾಯಿಸಿದರೆ ಅದರ ಬಲವೇ ಹೋಗುತ್ತದೆ.

ಇನ್ನು ಉಳಿದ ಪದಗಳು. ಡಿಕ್ಕಿಯಾದ ಗಾಡಿ ಸರಿ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ‘ಕೊಲಿಜನ್ ರಿಪೇರಿ’ ಅನ್ನುತ್ತಾರೆ. ನನ್ನ ಕೈಗೆ ಬಂದ ಒಂದು ಹಳೆಯ ಅನುವಾದದಲ್ಲಿ ಅದಕ್ಕೆ ‘ಘರ್ಷಣೆ ದುರಸ್ತಿ’ ಅಂತ ಇತ್ತು. ಶಾಲೆಯ ವಿಜ್ಞಾನದಲ್ಲಿ ಘರ್ಷಣೆ ಅಂದರೆ ಉಜ್ಜಾಟ. ಹುಡುಗರು ಬ್ರೇಕ್ ಪಾಠ ಅಂದುಕೊಂಡರು. ಪತ್ರಿಕೆಗಳ ‘ಡಿಕ್ಕಿ’ ಸರಿಯಾದ ಪದ, ಆದರೆ ‘ಡಿಕ್ಕಿ ರಿಪೇರಿ’ ಅಂತ ಬರೆದರೆ ಸಾಮಾನು ಇಡುವ ಹಿಂದಿನ ಡಿಕ್ಕಿ ನೆನಪಾಗುತ್ತದೆ. ನಾನು ಸದ್ಯಕ್ಕೆ ‘ಡಿಕ್ಕಿಯಾದ ಗಾಡಿಯ ರಿಪೇರಿ’ ಅಂತ ಬಿಡಿಸಿ ಬರೆದಿದ್ದೇನೆ. ಉದ್ದವಾಯಿತು, ಆದರೆ ಗೊಂದಲ ಇಲ್ಲ.

‘ಜಖಂ’ ನನಗೆ ಇಷ್ಟದ ಪದ. ಪರ್ಷಿಯನ್ ಭಾಷೆಯಲ್ಲಿ ಅದರ ಅರ್ಥ ಗಾಯ. ಕನ್ನಡ ಪತ್ರಿಕೆಗಳು ಚೆಂದದ ಒಂದು ಭೇದ ಮಾಡಿಕೊಂಡಿವೆ, ಜನರಿಗೆ ಗಾಯ, ಗಾಡಿಗೆ ಜಖಂ. ಆದರೆ ಬೆಳಗಾವಿಯ ತರಗತಿಯಲ್ಲಿ ಮರಾಠಿ ಮನೆಮಾತಿನ ಹುಡುಗರೂ ಇರುತ್ತಾರೆ. ಮರಾಠಿಯಲ್ಲಿ ಜಖಮ್ ಅಂದರೆ ಇಂದಿಗೂ ಮೈಮೇಲಿನ ಗಾಯವೇ. ಹಾಗಾಗಿ ಒಟ್ಟು ಹಾನಿಗೆ ಜಖಂ ಇಟ್ಟುಕೊಂಡು, ಬಿಡಿಯಾಗಿ ಬರೆಯುವಾಗ ಗೀರು, ನೆಗ್ಗು, ಸೊಟ್ಟ, ಹರಕು, ಬಿರುಕು ಅಂತ ಬೇರೆ ಮಾಡಿದ್ದೇನೆ. ವಿಮೆಯ ಸರ್ವೇಯರ್ ಬಂದಾಗಲೂ ಹುಡುಗ ಹೀಗೆ ಒಂದೊಂದನ್ನೂ ತೋರಿಸಿ ಹೇಳಬಲ್ಲ.

ತಗಡಿಗೆ ನಮ್ಮಲ್ಲಿ ಪತ್ರಾ ಅನ್ನುತ್ತಾರೆ, ಪತ್ರಾಸಿನ ಶೆಡ್ಡು ಅಂದ ಹಾಗೆ. ಬರೆಯುವಾಗ ಮಾತ್ರ ‘ಪತ್ರ’ ಅಂತ ಓದಿಕೊಳ್ಳುವ ಭಯವಿದೆ. ಅದಕ್ಕೆ ತಗಡು ಅಂತಲೇ ಇಟ್ಟೆ.

ಕೆಲಸ ಕಲಿಯುವವನಿಗೆ ಏನು ಅನ್ನುವುದು? 1961ರ ಅಪ್ರೆಂಟಿಸ್ ಕಾಯ್ದೆಯ ಅಪ್ರೆಂಟಿಸ್‌ಗೆ ಸರ್ಕಾರಿ ಕನ್ನಡದಲ್ಲಿ ‘ಶಿಶಿಕ್ಷು’ ಅನ್ನುತ್ತಾರೆ. ನಮ್ಮ ಹುಡುಗರಲ್ಲಿ ಒಬ್ಬನೂ ಅದನ್ನು ಬಾಯಿಬಿಟ್ಟು ಹೇಳಿದ್ದು ನಾನು ಕೇಳಿಲ್ಲ. ಮರಾಠಿಯಲ್ಲಿ ‘ಶಿಕಾವೂ ಉಮೇದವಾರ್’ ಅನ್ನುತ್ತಾರೆ. ಉಮೇದು ಅಂದರೆ ಆಸೆ, ಹುರುಪು. ಕಲಿಯುವ ಹುಡುಗನಿಗೆ ಎಷ್ಟು ಒಪ್ಪುವ ಪದ! ಆದರೆ ಕನ್ನಡದಲ್ಲಿ ಉಮೇದುವಾರ ಚುನಾವಣೆಗೆ ನಿಂತುಬಿಟ್ಟಿದ್ದಾನೆ. ಗ್ಯಾರೇಜಿನಲ್ಲಿ ಅವನು ‘ಹೆಲ್ಪರ್’, ಕಲಿಸುವವನು ‘ಉಸ್ತಾದ್’ ಅಥವಾ ‘ಮಿಸ್ತ್ರಿ’. ಹೆಲ್ಪರ್ ಅನ್ನುವ ಪದದಲ್ಲಿ ಕಲಿಕೆಯ ಸುಳಿವೇ ಇಲ್ಲ, ಅದು ನನಗೆ ಬೇಸರ. ಚಹಾ ತರುವವನೂ ಹೆಲ್ಪರ್, ಡಾಲಿ ಹಿಡಿಯಲು ಕಲಿಯುತ್ತಿರುವವನೂ ಹೆಲ್ಪರ್. ‘ಕಲಿಕೆಗಾರ’ ನಡೆಯಬಹುದೇ?

ಕಡೆಯದಾಗಿ ಒಂದು ಕಷ್ಟದ ಪದ. ಕಾರಿನ ಮುಂದೆ, ಹಿಂದೆ ಒಂದು ಭಾಗವನ್ನು ಬೇಕೆಂದೇ ಮೆತ್ತಗೆ ಮಾಡಿರುತ್ತಾರೆ. ಡಿಕ್ಕಿಯಾದಾಗ ಆ ಭಾಗ ಮಡಚಿಕೊಂಡು ಪೆಟ್ಟನ್ನು ತಾನು ನುಂಗುತ್ತದೆ, ಒಳಗೆ ಕೂತವರಿಗೆ ಏಟು ಕಡಿಮೆಯಾಗುತ್ತದೆ. 1959ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಇದು ಬಂತು. ಇಂಗ್ಲಿಷಿನವರು ಕ್ರಂಪಲ್ ಝೋನ್ ಅನ್ನುತ್ತಾರೆ. ಹುಡುಗರು ಇದನ್ನು ಚೆನ್ನಾಗಿ ತಿಳಿಯಲೇಬೇಕು, ಯಾಕೆಂದರೆ ಇದನ್ನು ಗಟ್ಟಿ ಮಾಡುತ್ತೇನೆ ಅಂತ ಹೆಚ್ಚುವರಿ ಪಟ್ಟಿ ಬೆಸೆದರೆ ಮುಂದಿನ ಡಿಕ್ಕಿಯಲ್ಲಿ ಪೆಟ್ಟು ಸೀದಾ ಮನುಷ್ಯರಿಗೆ ಹೋಗುತ್ತದೆ. ‘ಮಡಚು ಭಾಗ’ ಅಂತ ಬರೆದು ನೋಡಿದೆ, ಮಡಚುವ ಕುರ್ಚಿಯ ಹಾಗೆ ಕೇಳಿಸಿತು. ‘ನೆಗ್ಗುವ ಭಾಗ’ ಅಂದರೆ ನೆಗ್ಗುವುದೇ ಅದರ ಕೆಲಸ ಅಂತ ಹುಡುಗನಿಗೆ ತಿಳಿಯುತ್ತದೆ. ನನ್ನ ಒಲವು ಇದರ ಕಡೆಗೇ.

ಆದ್ದರಿಂದ ನಿಮ್ಮನ್ನು ಕೇಳುವುದು ಇಷ್ಟು. ವಿಜಯಪುರ, ಬಾಗಲಕೋಟೆ, ಗದಗ ಕಡೆಯವರು, ಹಾಗೆಯೇ ದಕ್ಷಿಣದವರು ಕೂಡ, ನಿಮ್ಮ ಮನೆಯಲ್ಲಿ ಕೊಡಕ್ಕೋ ತಂಬಿಗೆಗೋ ಪೆಟ್ಟಾದಾಗ ಹಿರಿಯರು ಏನನ್ನುತ್ತಿದ್ದರು? ನೆಗ್ಗು, ತಗ್ಗು, ಇಲ್ಲ ಬೇರೆ ಏನಾದರೂ? ಅದನ್ನು ಸರಿ ಮಾಡುವುದಕ್ಕೆ ತೆಗಿ ಅನ್ನುತ್ತಿದ್ದರೋ ಎತ್ತು ಅನ್ನುತ್ತಿದ್ದರೋ? ಊರಿನ ಹೆಸರಿನ ಜೊತೆ ಬರೆದು ಕಳಿಸಿ.